ಭಂಡಾರಿಗನ ನೆನಪು, ಓದುಗನ ಸೂಚಿ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿರುವ ನಾಗಾವಿಯು ಇಂದು ತನ್ನ ಭಗ್ನಾವಶೇಷಗಳಿಂದಲೇ ಗುರುತಿಸಲ್ಪಡಬೇಕಾದ ಸ್ಥಳವಾದರೂ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ ವಿದ್ಯಾರ್ಥಿಗಳಿಂದ ತುಂಬಿ ತುಳುಕುತ್ತಿದ್ದ ಘಟಿಕಾಸ್ಥಾನವಾಗಿತ್ತು. ಅಲ್ಲಿಯ 1058ರ ಶಾಸನವು ವೇದಾಧ್ಯಯನ ಮಾಡುವವರು, ಶಾಸ್ತ್ರಪಾಠ ಕೇಳುವವರು, ಅವರಿಗೆ ಬೋಧಿಸುವ ಉಪಾಧ್ಯಾಯರು ಇವರೆಲ್ಲರ ಗ್ರಾಸವಾಸಗಳಿಗೆ ಏರ್ಪಡಿಸಿದ ವೃತ್ತಿಗಳನ್ನು ವಿವರಿಸುತ್ತ, ಅದೇ ಸಾಲಿನಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ನಮೂದಿಸುತ್ತದೆ. ಒಂದು ವಿದ್ಯಾಸಂಸ್ಥೆಯ ಗ್ರಂಥಸಂಚಯವನ್ನು ನೋಡಿಕೊಳ್ಳುವುದಕ್ಕೆಂದೇ ಆರು ಜನರನ್ನು ನೇಮಿಸಿ, ಅವರ ಜೀವನಕ್ಕೆ ದಾರಿ ಮಾಡಿ, ಅದನ್ನು ಕಲ್ಲಿನಲ್ಲಿ ಕೊರೆಸಿಟ್ಟ ಆ ಕಾಲದವರು ಗ್ರಂಥಪಾಲನೆಯನ್ನು ಒಂದು ವೃತ್ತಿಯೆಂದು ಮನ್ನಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಇಂಥ ಭಂಡಾರಗಳಲ್ಲಿ ಯಾವ ಕಟ್ಟಿನೊಳಗೆ ಯಾವ ಗ್ರಂಥವಿದೆ, ಯಾವುದು ಪೂರ್ಣ, ಯಾವುದು ಖಿಲ ಎಂಬ ತಿಳಿವಳಿಕೆಯು ಮುಖ್ಯವಾಗಿ ಭಂಡಾರಿಗನ ನೆನಪಿನಲ್ಲಿಯೇ ಇರುತ್ತಿತ್ತು. ಅವನು ಇರುವವರೆಗೆ ಭಂಡಾರ ತೆರೆದಿತ್ತು, ಅವನು ಗತಿಸಿದರೆ ಅರ್ಧ ಮುಚ್ಚಿದಂತೆಯೇ. ಆ ನೆನಪನ್ನು ಒಬ್ಬನ ಚಿತ್ತದಿಂದ ಬಿಡಿಸಿ, ಅಪರಿಚಿತನಾದ ಯಾವ ಓದುಗನಿಗಾದರೂ ಒದಗುವಂತೆ ಬರವಣಿಗೆಗೆ ಇಳಿಸಿದ ಕಥೆಯೇ ಗ್ರಂಥಸೂಚಿಯ ಇತಿಹಾಸ.

ಈ ಕಾರ್ಯ ಎಷ್ಟು ದುಸ್ತರವಾದುದೆಂಬುದು ಓಲೆಗರಿಯ ಕಟ್ಟೊಂದನ್ನು ಬಿಚ್ಚಿದವರಿಗೆ ವಿದಿತ. ಓಲೆಯ ಪುಸ್ತಕಕ್ಕೆ ಬೆನ್ನಿಲ್ಲ. ಬೆನ್ನಿಲ್ಲದ್ದರಿಂದ ಬೆನ್ನಿನ ಮೇಲೆ ಹೆಸರೂ ಇಲ್ಲ. ಎರಡು ಹಲಗೆಗಳ ನಡುವೆ, ರಂಧ್ರದಲ್ಲಿ ದಾರ ಪೋಣಿಸಿ ಬಿಗಿದ ಗರಿಗಳ ಒಂದೇ ಕಟ್ಟಿನಲ್ಲಿ ಅರ್ಧ ಪುರಾಣ, ಒಂದು ವೈದ್ಯಗ್ರಂಥ, ನಾಲ್ಕಾರು ಗರಿಗಳಷ್ಟು ಜ್ಯೋತಿಷ ಒಟ್ಟಿಗೆ ಸೇರಿರಬಹುದು. ಮುಖಪುಟವಿಲ್ಲದ ಆ ಲೋಕದಲ್ಲಿ ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಹುಡುಕಬೇಕಾದುದು ಆರಂಭದಲ್ಲಿ ಅಲ್ಲ, ಆಶ್ವಾಸಾಂತ್ಯದ ಗದ್ಯದಲ್ಲಿ. ಪ್ರತಿ ಮಾಡಿದ ಲಿಪಿಕಾರನು ತನ್ನ ಹೆಸರನ್ನೂ ದಿನವನ್ನೂ ಬರೆದಿದ್ದರೆ ಅದು ಕಟ್ಟಕಡೆಯ ಗರಿಯಲ್ಲಿ. ದುರ್ದೈವವೆಂದರೆ, ಹೊರಗಿನ ಪೆಟ್ಟಿಗೆ ಮೊದಲು ಗುರಿಯಾಗುವ ಗರಿಗಳು ಆದಿಯವೂ ಅಂತ್ಯದವೂ ಆದುದರಿಂದ, ಯಾವ ಸ್ಥಳದಲ್ಲಿ ಗುರುತು ಇರಬೇಕೋ ಆ ಸ್ಥಳವೇ ಮುಂಚಿತವಾಗಿ ನಶಿಸುತ್ತದೆ. ದೊರೆತ ಕಾಲಸೂಚನೆಯೂ ಎಷ್ಟೋ ವೇಳೆ ಸಂವತ್ಸರದ ಹೆಸರು ಮಾತ್ರವಾಗಿದ್ದು, ಆ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುವುದಾದ್ದರಿಂದ, ಶಕವರ್ಷವಿಲ್ಲದಿದ್ದಲ್ಲಿ ಪ್ರತಿಯು ಯಾವ ಶತಮಾನದ್ದೆಂಬುದೇ ಚರ್ಚೆಗೆ ಗ್ರಾಸವಾಗುತ್ತದೆ. ಆದುದರಿಂದ ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯನ್ನು ರಚಿಸುವವನು ಗರಿಯ ಉದ್ದಗಲ, ಗರಿಗಳ ಸಂಖ್ಯೆ, ಪುಟಕ್ಕೆ ಎಷ್ಟು ಪಂಕ್ತಿ, ಲಿಪಿ ಯಾವುದು, ಸಮಗ್ರವೋ ಅಸಮಗ್ರವೋ ಎಂಬುದನ್ನು ಬರೆದು, ಆದಿಯಂತ್ಯಗಳ ಪದ್ಯಗಳನ್ನು ಉದ್ಧರಿಸಿಕೊಂಡು, ಹೆಸರಿಲ್ಲದ ಕೃತಿಗೂ ಮುಂದೆ ಯಾರಾದರೂ ಹೆಸರು ಹಚ್ಚುವಷ್ಟು ಸಾಮಗ್ರಿಯನ್ನು ಒದಗಿಸಿಡುತ್ತಾನೆ.

ಹೀಗೆ ಗುರುತಿಸುವ ವಿದ್ಯೆಯಿಂದ ಎಂಥ ಫಲ ದೊರೆಯಬಹುದೆಂಬುದಕ್ಕೆ ಮೈಸೂರಿಗಿಂತ ಉತ್ತಮವಾದ ನಿದರ್ಶನ ಬೇಕಿಲ್ಲ. 1891ರಲ್ಲಿ ಅಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಒಂದು ತಾಳೆಗರಿಯ ಪ್ರತಿಯನ್ನು ತಂದೊಪ್ಪಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವೆಂಬ ಗ್ರಂಥವೊಂದಿತ್ತೆಂದು ದಂಡಿ, ಬಾಣ, ಕಾಮಂದಕರ ಉಲ್ಲೇಖಗಳಿಂದ ಲೋಕಕ್ಕೆ ತಿಳಿದಿತ್ತೇ ಹೊರತು, ಗ್ರಂಥವನ್ನು ವಿದ್ವತ್‌ಪ್ರಪಂಚ ಕಂಡಿರಲಿಲ್ಲ. ಆ ಗರಿಗಳಲ್ಲಿರುವುದು ಅದೇ ಎಂದು ಅರಿತು, 1909ರಲ್ಲಿ ಮೂಲವನ್ನು ಮುದ್ರಣಕ್ಕೆ ತಂದವರು ಅಲ್ಲಿಯ ಗ್ರಂಥಪಾಲರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಭಾರತೀಯ ರಾಜನೀತಿಯ ಇತಿಹಾಸವನ್ನೇ ಹೊಸದಾಗಿ ಬರೆಯಿಸಿದ ಈ ಶೋಧನೆಯನ್ನು ಕೇವಲ ಅದೃಷ್ಟಕ್ಕೆ ಆರೋಪಿಸುವುದು ಯುಕ್ತವಲ್ಲ. ಪ್ರತಿಯು ಯಾರ ಕೈಗೆ ಬಂದರೂ ಅದರ ಹೆಸರನ್ನು ಹೇಳಬಲ್ಲವನ ಕೈಗೆ ಬಂದಾಗಲೇ ಅದು ಗ್ರಂಥವಾಗುವುದು.

ಕರ್ತೃವಿನ ನಿರ್ಣಯವೂ ಇಷ್ಟೇ ಜಟಿಲ. ಕನ್ನಡದ ಉಪಲಬ್ಧ ಕೃತಿಗಳಲ್ಲಿ ಆದ್ಯವಾದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು 1898ರಲ್ಲಿ ಪ್ರಕಟಿಸಿದ ಲಾಗಾಯಿತು, ಅದನ್ನು ರಚಿಸಿದವನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೇ, ಅಥವಾ ಅವನ ಸಮ್ಮತಿಯನ್ನು ಪಡೆದು ಬರೆದ ಆಸ್ಥಾನಕವಿ ಶ್ರೀವಿಜಯನೇ ಎಂದು ವಿದ್ವಾಂಸರು ವಾದಿಸಿದರು. ವಿದ್ವಾಂಸನಾದವನು ಉಭಯಪಕ್ಷಗಳನ್ನೂ ಮಂಡಿಸಿ ಲೇಖನವನ್ನು ಮುಗಿಸಬಹುದು. ಸೂಚಿಕಾರನಿಗೆ ಆ ಸೌಕರ್ಯವಿಲ್ಲ. ಅವನು ಒಂದು ಹೆಸರನ್ನು ಶಿರೋನಾಮವಾಗಿ ಆರಿಸಿ, ಇನ್ನೊಂದು ಹೆಸರಿನಿಂದ ಹುಡುಕಿ ಬಂದವನನ್ನು ಅಲ್ಲಿಗೆ ಕಳುಹಿಸಲೇಬೇಕು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು, 1907ರಿಂದ 1929ರ ವರೆಗೆ ಒಂದಾದಮೇಲೊಂದು ಹೊರಬಂದು, ಕವಿಕಾಲಕೃತಿಗಳ ಇಂಥ ನೂರಾರು ನಿರ್ಣಯಗಳನ್ನು ಒಂದೆಡೆ ಕ್ರೋಢೀಕರಿಸಿದವು. ಮೂಡಬಿದಿರೆ ಮುಂತಾದೆಡೆಗಳ ಜೈನಭಂಡಾರಗಳ ಗರಿಗಳನ್ನು ಶೋಧಿಸಿ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯೂ ಇದೇ ಪರಂಪರೆಗೆ ಸೇರಿದ್ದು.

ಇತ್ತ ಮುದ್ರಿತ ಗ್ರಂಥಗಳ ಪ್ರವಾಹವನ್ನು ಎದುರಿಸಬೇಕಾಗಿ ಬಂದ ಯೂರೋಪು ಅಮೆರಿಕಗಳಲ್ಲಿ ಬೇರೊಂದು ಬಗೆಯ ಸಮಸ್ಯೆ ತಲೆದೋರಿತ್ತು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಮಠಗಳಿಂದ ವಶಪಡಿಸಿಕೊಂಡ ಅಸಂಖ್ಯ ಪುಸ್ತಕಗಳ ಪಟ್ಟಿಯನ್ನು ತಯಾರಿಸಲು 1791ರಲ್ಲಿ ಅಲ್ಲಿಯ ಸರ್ಕಾರ ಇಸ್ಪೀಟಿನ ಎಲೆಗಳ ಬೆನ್ನಿನ ಮೇಲೆ ಗ್ರಂಥದ ವಿವರವನ್ನು ಬರೆಯಬೇಕೆಂದು ನಿಯಮ ಮಾಡಿತು. ಬಿಡಿಯಾದ ಚೀಟಿಯನ್ನು ಬೇಕಾದ ಸ್ಥಳಕ್ಕೆ ಸರಿಸಬಹುದು, ಹೊಸದನ್ನು ನಡುವೆ ಸೇರಿಸಬಹುದು ಎಂಬ ತತ್ತ್ವ ಹೀಗೆ ಆಚರಣೆಗೆ ಬಂತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಇಟಲಿಯ ದೇಶಭ್ರಷ್ಟ ಆಂಟೋನಿಯೊ ಪನಿಜ್ಜಿಯು 1841ರಲ್ಲಿ 91 ಸೂತ್ರಗಳನ್ನು ಪ್ರಕಟಿಸಿ, ಸೂಚಿಯು ಬರೆಯುವವನ ಇಚ್ಛೆಯಂತಲ್ಲದೆ ನಿಯಮದಂತೆ ನಡೆಯತಕ್ಕದ್ದೆಂದು ಸಾಧಿಸಿದನು. 1876ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಕಟರನ ಸೂಚೀನಿಯಮಗಳೂ ಮೆಲ್ವಿಲ್ ಡ್ಯೂಯಿಯ ದಶಾಂಶ ವರ್ಗೀಕರಣವೂ ಒಂದೇ ವರ್ಷ ಹೊರಬಂದವು. ಗ್ರಂಥಗಳನ್ನೆಲ್ಲ ಹೆಸರಿಟ್ಟು ಜೋಡಿಸಲು ಹೊರಟ ಡ್ಯೂಯಿಯ ಆ 44 ಪುಟಗಳ ಹೊತ್ತಗೆಯು ಕರ್ತೃವಿನ ಹೆಸರಿಲ್ಲದೆ ಪ್ರಕಟವಾದುದು ವಿನೋದದ ಸಂಗತಿ.

ಕಟರನದು ಒಂದು ಕೆಲಸ, ಡ್ಯೂಯಿಯದು ಇನ್ನೊಂದು. ಎರಡರ ತಾರತಮ್ಯವನ್ನು ನಮ್ಮದೇ ಒಂದು ಗ್ರಂಥದಿಂದ ಸ್ಪಷ್ಟಪಡಿಸಬಹುದು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವನ್ನು ಕಪಾಟಿನಲ್ಲಿಡಲು ಹೊರಟ ಗ್ರಂಥಪಾಲನು ಅದನ್ನು ಧರ್ಮದ ವಿಭಾಗಕ್ಕೆ ಸೇರಿಸಬೇಕೋ, ಕನ್ನಡ ಸಾಹಿತ್ಯದ ವಿಭಾಗಕ್ಕೋ? ವಚನಗಳು ಎರಡೂ ಹೌದು. ಆದರೆ ಪುಸ್ತಕದ ದೇಹ ಒಂದೇ, ಅದು ಏಕಕಾಲದಲ್ಲಿ ಎರಡು ಕಪಾಟುಗಳಲ್ಲಿ ಇರಲಾರದು. ಆ ದೇಹಕ್ಕೆ ಒಂದು ಸ್ಥಾನವನ್ನು ನಿಶ್ಚಯಿಸುವುದು ವರ್ಗೀಕರಣ. ಆ ಒಂದು ಸ್ಥಾನಕ್ಕೆ ಸಂಪಾದಕನ ಹೆಸರಿನಿಂದ, ಕೃತಿಯ ಹೆಸರಿನಿಂದ, ಧರ್ಮವೆಂಬ ವಿಷಯದಿಂದ, ಸಾಹಿತ್ಯವೆಂಬ ವಿಷಯದಿಂದ ಬೇರೆ ಬೇರೆ ದಾರಿಗಳನ್ನು ತೆರೆಯುವುದು ಸೂಚೀಕರಣ. ಏಳೂವರೆ ಸೆಂಟಿಮೀಟರ್ ಎತ್ತರ, ಹನ್ನೆರಡೂವರೆ ಸೆಂಟಿಮೀಟರ್ ಅಗಲದ ಕಾರ್ಡುಗಳನ್ನು, ಕೆಳಗಿನ ರಂಧ್ರದಲ್ಲಿ ಸರಳು ತೂರಿಸಿದ ಮರದ ಖಾನೆಗಳಲ್ಲಿ ಅಕಾರಾದಿಯಾಗಿ ಜೋಡಿಸಿಟ್ಟಿದ್ದ ದಿನಗಳಲ್ಲಿ, ಒಂದು ಪುಸ್ತಕಕ್ಕೆ ನಾಲ್ಕೈದು ಕಾರ್ಡುಗಳು ಬೇಕಾಗುತ್ತಿದ್ದುದು ಈ ಕಾರಣದಿಂದಲೇ. ಆ ಅಕಾರಾದಿಯೂ ತಾನಾಗಿ ಸಿದ್ಧವಾಗುವುದಲ್ಲ. ಪಂಪನನ್ನು ಪಕಾರದ ಮೇಲಿನ ಅನುಸ್ವಾರವೆಂದು ಮೊದಲಿಗಿಡುವುದೋ, ಮಕಾರದ ಒತ್ತೆಂದು ಕೊನೆಗಿಡುವುದೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳದ ಸೂಚಿಯಲ್ಲಿ ಆದಿಕವಿಯೇ ಕಾಣೆಯಾಗಬಹುದು.

ಡ್ಯೂಯಿಯ ಪದ್ಧತಿಯಲ್ಲಿ ಜ್ಞಾನರಾಶಿಯೆಲ್ಲ ಹತ್ತು ವರ್ಗಗಳಾಗಿ, ಪ್ರತಿಯೊಂದು ಮತ್ತೆ ಹತ್ತಾಗಿ ಒಡೆಯುತ್ತ ಹೋಗುತ್ತದೆ. ಅದರ ಸೌಲಭ್ಯ ನಿರ್ವಿವಾದವಾದುದು. ಆದರೆ ಯಾರ ಕಪಾಟುಗಳನ್ನು ನೋಡಿ ಅದು ಹುಟ್ಟಿತೆಂಬುದೂ ಅದರ ಮೈಮೇಲೆಯೇ ಬರೆದಿದೆ. ಸಾಹಿತ್ಯದಲ್ಲಿ ಇಂಗ್ಲಿಷಿಗೆ 820, ಜರ್ಮನಿಗೆ 830, ಫ್ರೆಂಚಿಗೆ 840 ಎಂದು ಒಂದೊಂದು ದಶಕವನ್ನು ಹಂಚಿ, ಗ್ರೀಕಿನ 880 ಆದಮೇಲೆ ಭೂಮಂಡಲದ ಉಳಿದೆಲ್ಲ ಸಾಹಿತ್ಯಗಳಿಗೆ 890 ಎಂಬ ಒಂದೇ ಅಂಗಳವನ್ನು ಬಿಟ್ಟಿದೆ. ಸಹಸ್ರ ವರ್ಷಗಳ ಕನ್ನಡ ಸಾಹಿತ್ಯಕ್ಕೆ ಆ ಅಂಗಳದ ಮೂಲೆಯಲ್ಲಿ ದೊರೆತ ಸಂಖ್ಯೆ 894.814. ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ, ಕಪಾಟುಗಳಲ್ಲಿ ಬಹುಪಾಲು ಕನ್ನಡದ್ದೇ ಆಗಿರುವ ಗ್ರಂಥಾಲಯದಲ್ಲಿ, ಕಾವ್ಯಕಾದಂಬರಿಗಳ ಬೆನ್ನಿಗೆಲ್ಲ ಆ ಆರು ಅಂಕಿಗಳನ್ನು ಅಂಟಿಸಬೇಕಾದ ಗುಮಾಸ್ತನಿಗೆ, ತನ್ನ ಭಾಷೆ 'ಇತರ'ರ ಪೈಕಿ ಎಂಬುದು ದಿನವೂ ಜ್ಞಾಪಕಕ್ಕೆ ಬರುತ್ತಿತ್ತು.

ಪರದೇಶದ ಪದ್ಧತಿಯನ್ನು ಈ ನೆಲಕ್ಕೆ ಹೊಂದಿಸುವ ಪ್ರಯತ್ನ ಬರೋಡೆಯಲ್ಲಿ ಮೊದಲಾಯಿತು. ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ವಿಲಿಯಂ ಬೋರ್ಡನ್ನನನ್ನು ಬರಮಾಡಿಕೊಂಡು, ಸಂಸ್ಥಾನದಾದ್ಯಂತ ಗ್ರಂಥಾಲಯಗಳನ್ನು ತೆರೆಸಿದರು. ಆದರೆ ಮೂಲಭೂತವಾಗಿ ಹೊಸದೊಂದು ದರ್ಶನವನ್ನು ಕೊಟ್ಟವರು, ಗಣಿತದ ಅಧ್ಯಾಪಕವೃತ್ತಿಯನ್ನು ಬಿಟ್ಟು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಶಿಯಾಳಿ ರಾಮಾಮೃತ ರಂಗನಾಥನ್. ಆರಂಭದಲ್ಲಿ ಆ ಏಕಾಂತವನ್ನು ಸಹಿಸಲಾರದೆ ಕಾಲೇಜಿಗೆ ಮರಳಬೇಕೆಂದಿದ್ದ ಅವರು, ತರಬೇತಿಗೆಂದು ಲಂಡನ್ನಿಗೆ ಹೋದಾಗ, ಅಲ್ಲಿಯ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆಯನ್ನು ಕಂಡರು. ಕೆಲವೇ ಪಟ್ಟಿಗಳು, ಚಕ್ರಗಳು, ತಿರುಪುಗಳಿಂದ ಬೇಕಾದಷ್ಟು ಬಗೆಯ ಯಂತ್ರಗಳನ್ನು ಕಟ್ಟಬಹುದಾಗಿದ್ದ ಆ ಆಟಿಕೆಯು, ವಿಷಯಗಳನ್ನೂ ಸಿದ್ಧಪಟ್ಟಿಯಿಂದ ಆರಿಸುವ ಬದಲು ಘಟಕಗಳಿಂದ ಕಟ್ಟಬಾರದೇಕೆ ಎಂಬ ಆಲೋಚನೆಯನ್ನು ಅವರಲ್ಲಿ ಹುಟ್ಟಿಸಿತು. 1933ರಲ್ಲಿ ಪ್ರಕಟವಾದ ದ್ವಿಬಿಂದು ವರ್ಗೀಕರಣವು ಅದರ ಪರಿಣಾಮ. ಘಟಕಗಳನ್ನು ಬೆಸೆಯಲು ಅವರು ಬಳಸಿದ ದ್ವಿಬಿಂದುವಿನ ಚಿಹ್ನೆಯಿಂದಲೇ ಅದಕ್ಕೆ ಆ ಹೆಸರು.

ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲಮುಖಗಳಲ್ಲಿ ಯಾವುದೇ ವಿಷಯವನ್ನು ವಿಶ್ಲೇಷಿಸಿ, ಮತ್ತೆ ಜೋಡಿಸಬಹುದೆಂಬುದು ಅವರ ಪರಿಣತ ಸಿದ್ಧಾಂತ. 1950ರಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆಯನ್ನು ಕುರಿತ ಗ್ರಂಥ ಬಂದರೆ, ವೈದ್ಯ, ಶ್ವಾಸಕೋಶ, ಕ್ಷಯ, ಚಿಕಿತ್ಸೆ, ಕಿರಣ, ಭಾರತ, ವರ್ಷ ಎಂಬ ಪ್ರತಿಯೊಂದಕ್ಕೂ ಒಂದೊಂದು ಅಂಕವನ್ನು ತೆಗೆದು ಪೋಣಿಸಿದರಾಯಿತು. ಅಂಥ ವಿಷಯವನ್ನು ಪಟ್ಟಿ ಮಾಡಿದವರು ಮೊದಲೇ ಊಹಿಸಿರಬೇಕಾಗಿಲ್ಲ. ಸಾಹಿತ್ಯದಲ್ಲಿಯಂತೂ ಭಾಷೆ, ಪ್ರಕಾರ, ಕರ್ತೃ, ಕೃತಿ ಎಂಬ ಕ್ರಮವಿದ್ದು, ಕರ್ತೃವನ್ನು ಸೂಚಿಸುವುದು ಅವನ ಜನ್ಮವರ್ಷ. 1500ರ ಶತಕಕ್ಕೆ 'ಜೆ' ಎಂಬ ಅಕ್ಷರವಾದುದರಿಂದ 1564ರಲ್ಲಿ ಜನಿಸಿದ ಷೇಕ್ಸ್‌ಪಿಯರ್ ಜೆ64; ಅದೇ ನ್ಯಾಯದಿಂದ 1891ರ ಮಾಸ್ತಿಯವರು ಎಂ91, 1904ರ ಕುವೆಂಪು ಎನ್04. ಇದರಿಂದ ಒಂದು ಭಾಷೆಯ ಕವಿಗಳು ಕಪಾಟಿನಲ್ಲಿ ಪೀಳಿಗೆಯ ಅನುಕ್ರಮದಲ್ಲಿ ತಾವಾಗಿಯೇ ನಿಲ್ಲುತ್ತಾರೆ, ಸಾಹಿತ್ಯಚರಿತ್ರೆ ಕಣ್ಣೆದುರಿಗೆ ಸಾಲುಗಟ್ಟುತ್ತದೆ. ಇಷ್ಟೇ ಅಲ್ಲದೆ, ಗ್ರಂಥಾಲಯವು ತನಗೆ ಆಪ್ತವಾದ ಭಾಷೆಯನ್ನು ಅಂಕಿಯ ಬದಲು ಒಂದು ಸಣ್ಣ ಗೆರೆಯಿಂದ ಸೂಚಿಸಿ ಮುಂಚೂಣಿಗೆ ತರಬಹುದೆಂಬ ಅನುಮತಿಯೂ ಅಲ್ಲಿದೆ. ಡ್ಯೂಯಿಯಲ್ಲಿ ಅಂಗಳದ ಮೂಲೆಯಲ್ಲಿದ್ದ ಕನ್ನಡವು ಕನ್ನಡದ ಗ್ರಂಥಾಲಯದಲ್ಲಿ ಪಡಸಾಲೆಗೆ ಬರುವುದು ಆ ಒಂದು ಗೆರೆಯಿಂದ ಸಾಧ್ಯವಾಯಿತು.

ಮರುವರ್ಷ, 1934ರಲ್ಲಿ, ಅವರ ಸೂಚೀಸಂಹಿತೆ ಹೊರಬಂತು. ಪಶ್ಚಿಮದ ನಿಯಮಗಳು ಮನೆತನದ ಹೆಸರನ್ನೇ ಶಿರೋನಾಮವಾಗಿ ಬಯಸುತ್ತಿದ್ದುವು; ದಕ್ಷಿಣ ಭಾರತದ ಹೆಸರುಗಳಲ್ಲಿ ಅದನ್ನು ಎಲ್ಲಿಂದ ತರುವುದು? ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ವ್ಯಕ್ತಿನಾಮ, ಮೂರನೆಯದು ಪಂಗಡಸೂಚಕ, ಜೊತೆಗೆ ಶ್ರೀನಿವಾಸ ಎಂಬ ಕಾವ್ಯನಾಮ. ಕಡೆಯ ಪದವೇ ಮನೆತನವೆಂದು ಭ್ರಮಿಸಿ ಅಯ್ಯಂಗಾರ್ ಎಂದು ಬರೆದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರೂ ಅದೇ ಖಾನೆಗೆ ಬಂದು, ಇಬ್ಬರೂ ಹುಡುಕುವವನಿಗೆ ದುರ್ಲಭರಾಗುತ್ತಾರೆ. ವ್ಯಕ್ತಿನಾಮವನ್ನು ಹಿಡಿದರೆ ನಿಯಮಕ್ಕೆ ತೃಪ್ತಿ. ಆದರೆ ಓದುಗನು ಬಂದು ಕೇಳುವುದು 'ಮಾಸ್ತಿಯವರ ಪುಸ್ತಕ' ಎಂದೇ. ಒಂದನ್ನು ಸ್ಥಿರಪಡಿಸಿ, ಉಳಿದ ಹೆಸರುಗಳಲ್ಲೆಲ್ಲ 'ನೋಡಿ' ಎಂಬ ಚೀಟಿಯನ್ನಿಡುವುದೇ ಇದಕ್ಕೆ ಪರಿಹಾರ. ಭಾರತೀಯ ಹೆಸರುಗಳ ಈ ಸ್ವಭಾವವನ್ನು ರಂಗನಾಥನ್ನರು ಸವಿಸ್ತಾರವಾಗಿ ಪರಿಶೀಲಿಸಿ, ನಿಯಮವು ಹೆಸರಿಗೆ ಬಾಗಬೇಕೇ ಹೊರತು ಹೆಸರು ನಿಯಮಕ್ಕಲ್ಲ ಎಂಬ ನ್ಯಾಯವನ್ನು ನೆಲೆಗೊಳಿಸಿದರು.

ಜೀವನದ ಉತ್ತರಾರ್ಧದಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿ ಸ್ಥಾಪಿಸಿದರು. 1972ರಲ್ಲಿ ಈ ನಗರದಲ್ಲಿಯೇ ಕಾಲವಶರಾದರು. ಅಷ್ಟರೊಳಗೆ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ರಾಜ್ಯದಲ್ಲಿ ಜಾರಿಯಾಗಿ, ಜಿಲ್ಲೆ ಜಿಲ್ಲೆಗಳಲ್ಲಿ ಗ್ರಂಥಾಲಯಗಳು ತಲೆಯೆತ್ತಿದ್ದುವು. ಈಗ ಮರದ ಖಾನೆಗಳು ತೆರವಾಗಿ, ಅದೇ ಕೆಲಸವನ್ನು ಗಣಕಯಂತ್ರ ಕ್ಷಣಾರ್ಧದಲ್ಲಿ ಮಾಡುತ್ತದೆಂಬ ನೆಮ್ಮದಿ ಎಲ್ಲೆಡೆಯೂ ಹಬ್ಬಿದೆ. ಯಂತ್ರಕ್ಕೆ ವೇಗವುಂಟು, ವಿವೇಕವನ್ನು ಮಾತ್ರ ಯಾರಾದರೂ ತುಂಬಬೇಕು. ಅಂಬಿಕಾತನಯದತ್ತರೂ ದ. ರಾ. ಬೇಂದ್ರೆಯವರೂ ಒಬ್ಬರೇ ಎಂಬುದನ್ನು ಸೂಚಿಕಾರನೊಬ್ಬನು ತಿಳಿದು ನಮೂದಿಸಿದ್ದರೆ ಅದು ಒಬ್ಬರೆಂದೇ ತೋರಿಸುತ್ತದೆ. ನಮೂದಿಸದಿದ್ದರೆ ಇಬ್ಬರು ಕವಿಗಳನ್ನು ಸೃಷ್ಟಿಸಿ, ಒಬ್ಬರ ಅರ್ಧ ಕಾವ್ಯವನ್ನು ಓದುಗನಿಂದ ಮರೆಮಾಡುತ್ತದೆ. ಆದುದರಿಂದ ಗ್ರಂಥಾಲಯಗಳಿಗೆ ಕಟ್ಟಡ, ಪುಸ್ತಕ, ಯಂತ್ರಗಳಿಗೆಂದು ಹಣವನ್ನು ಒದಗಿಸುವವರು, ಭಾಷೆಯನ್ನೂ ಅದರ ಗ್ರಂಥಗಳನ್ನೂ ಬಲ್ಲ ಸೂಚಿಕಾರನಿಗೂ ಒಂದು ವೃತ್ತಿಯನ್ನು ಏರ್ಪಡಿಸುವುದು ಅವಶ್ಯ. ಅವನಿಲ್ಲದೆ ಕೊಂಡ ಪುಸ್ತಕ, ಭಂಡಾರಕ್ಕೆ ಸೇರಿದ ಪುಸ್ತಕವೇ ಹೊರತು ಓದುಗನಿಗೆ ದಕ್ಕಿದ ಪುಸ್ತಕವಲ್ಲ.