ಆನ್ಸಿ ಅನಿಮೇಷನ್ ಚಿತ್ರೋತ್ಸವದ ಕಲಾ ಮತ್ತು ಬೊಂಬೆ ಪ್ರದರ್ಶನಗಳು

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ, ಸರೋವರದ ದಡದಲ್ಲಿರುವ ಆನ್ಸಿ ನಗರದಲ್ಲಿ ಪ್ರತಿವರ್ಷ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಅನಿಮೇಷನ್ ಚಲನಚಿತ್ರೋತ್ಸವ ನಡೆಯುತ್ತದೆ. ಚಿತ್ರಗಳ ತಯಾರಿಕೆಗೆ ಬಳಸಿದ ಮೂಲ ರೇಖಾಚಿತ್ರ, ಬೊಂಬೆ, ಪುಟ್ಟ ರಂಗಸಜ್ಜಿಕೆ ಮುಂತಾದವುಗಳ ಪ್ರದರ್ಶನವೂ ಈ ಉತ್ಸವದ ಒಂದು ಅಂಗವಾಗಿದೆ. ತೆರೆಯ ಮೇಲೆ ಕ್ಷಣಮಾತ್ರ ಕಂಡು ಮರೆಯಾಗುವ ಕೈಕೆಲಸವನ್ನು ಇಲ್ಲಿ ಹತ್ತಿರದಿಂದ ನೋಡಬಹುದು.

ಹಿನ್ನೆಲೆ

1956ರಲ್ಲಿ ಕಾನ್ ನಗರದಲ್ಲಿ ನಡೆದ ಅನಿಮೇಷನ್ ಸಮಾವೇಶದಿಂದ ಬೆಳೆದ ಈ ಉತ್ಸವ 1960ರಲ್ಲಿ ಆನ್ಸಿಯಲ್ಲಿ ಆರಂಭವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಅನಿಮೇಷನ್ ಚಲನಚಿತ್ರ ಸಂಘವಾದ ‘ಅಸಿಫಾ’ ಸ್ಥಾಪನೆಗೊಂಡಿತು. ನಾರ್ಮನ್ ಮೆಕ್‌ಲಾರೆನ್ ಅದರ ಮೊದಲ ಅಧ್ಯಕ್ಷರು. ಉತ್ಸವವು 1998ರಿಂದ ವಾರ್ಷಿಕವಾಯಿತು. ನಗರದ ಹಳೆಯ ಕೋಟೆಯಲ್ಲಿರುವ ವಸ್ತುಸಂಗ್ರಹಾಲಯವು ಅನಿಮೇಷನ್ ಕಲೆಗೆ ಸಂಬಂಧಿಸಿದ ಸಂಗ್ರಹವನ್ನು ಹೊಂದಿದೆ.

ಪ್ರದರ್ಶಿತ ವಸ್ತುಗಳ ಸ್ವರೂಪ

ಇಂತಹ ಪ್ರದರ್ಶನಗಳಲ್ಲಿ ಕಥಾಫಲಕಗಳು, ಹಿನ್ನೆಲೆಯ ವರ್ಣಚಿತ್ರಗಳು, ‘ಸೆಲ್’ ಎಂದು ಕರೆಯಲಾಗುವ ಪಾರದರ್ಶಕ ಹಾಳೆಗಳು ಹಾಗೂ ಸ್ಟಾಪ್ ಮೋಷನ್ ಬೊಂಬೆಗಳು ಮುಖ್ಯವಾದವು. ಬೊಂಬೆಯ ಒಳಗೆ ಸಾಮಾನ್ಯವಾಗಿ ಕೀಲುಗಳುಳ್ಳ ಲೋಹದ ಅಥವಾ ತಂತಿಯ ಚೌಕಟ್ಟು ಇರುತ್ತದೆ. ಅದರ ಭಂಗಿಯನ್ನು ಕೊಂಚ ಕೊಂಚವಾಗಿ ಬದಲಿಸುತ್ತ ಒಂದೊಂದೇ ಛಾಯಾಚಿತ್ರ ತೆಗೆಯಲಾಗುತ್ತದೆ. ಚಲನಚಿತ್ರದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಒಂದು ನಿಮಿಷಕ್ಕೆ 1,440. ಒಂದು ಭಂಗಿಯನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ನಿಮಿಷಕ್ಕೆ 720 ಬಾರಿ ಬೊಂಬೆಯನ್ನು ಕೈಯಿಂದ ಹೊಂದಿಸಬೇಕಾಗುತ್ತದೆ.

ಸಂರಕ್ಷಣೆ

ಚಿತ್ರೀಕರಣ ಮುಗಿದ ಮೇಲೆ ಈ ವಸ್ತುಗಳನ್ನು ಬಹುಕಾಲ ಯಾರೂ ಕಲಾಕೃತಿಗಳೆಂದು ಪರಿಗಣಿಸಲಿಲ್ಲ. ಅನೇಕ ಸೆಲ್‌ಗಳನ್ನು ತೊಳೆದು ಮರುಬಳಕೆ ಮಾಡಲಾಯಿತು ಅಥವಾ ಎಸೆಯಲಾಯಿತು. ಬೊಂಬೆಗಳ ಹೊರಮೈಗೆ ಬಳಸುವ ರಬ್ಬರಿನ ನೊರೆ ಕಾಲಕ್ರಮದಲ್ಲಿ ಗಟ್ಟಿಯಾಗಿ ಪುಡಿಯಾಗುತ್ತದೆ. 1892ರಲ್ಲಿ ಪ್ಯಾರಿಸಿನಲ್ಲಿ ಚಲಿಸುವ ಚಿತ್ರಗಳನ್ನು ಸಾರ್ವಜನಿಕರಿಗೆ ತೋರಿಸಿದ ಎಮಿಲ್ ರೆನೊ, ಮುಂದೆ ಹತಾಶೆಯಿಂದ ತಮ್ಮ ಚಿತ್ರಪಟ್ಟಿಗಳಲ್ಲಿ ಹೆಚ್ಚಿನವನ್ನು ಸೇನ್ ನದಿಗೆ ಎಸೆದರು. ಉಳಿದವು ಎರಡು ಮಾತ್ರ. 2005ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರ್ಡ್‌ಮನ್ ಸಂಸ್ಥೆಯ ದಾಸ್ತಾನು ಇದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಹಲವು ದಶಕಗಳ ಬೊಂಬೆಗಳೂ ರಂಗಸಜ್ಜಿಕೆಗಳೂ ನಾಶವಾದವು. ಚಿತ್ರಗಳು ಉಳಿದವು, ಅವುಗಳನ್ನು ರೂಪಿಸಿದ ವಸ್ತುಗಳು ಉಳಿಯಲಿಲ್ಲ. ಆದುದರಿಂದ ಇಂತಹ ವಸ್ತುಗಳನ್ನು ಗುರುತಿಸಿ, ದಾಖಲಿಸಿ, ಕಾಪಾಡುವ ಕಾರ್ಯಕ್ಕೆ ಪ್ರದರ್ಶನಗಳು ನೆರವಾಗುತ್ತವೆ.

ಇತರ ಸಂಗ್ರಹಗಳು

ನೆರಳುರೂಪದ ಚಿತ್ರಗಳಿಗೆ ಹೆಸರಾದ ಲೋಟೆ ರೈನಿಗರ್ ಕತ್ತರಿಸಿದ ಆಕೃತಿಗಳನ್ನು ಜರ್ಮನಿಯ ಟ್ಯೂಬಿಂಗನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಚೆಕ್ ಕಲಾವಿದ ಯಿರ್ಜಿ ತ್ರ್ನ್ಕಾ ಅವರಲ್ಲಿ ಕಲಿತ ಕಿಹಾಚಿರೊ ಕವಾಮೊಟೊ ಅವರ ಬೊಂಬೆಗಳಿಗಾಗಿ ಜಪಾನಿನ ಈಡಾ ನಗರದಲ್ಲಿ 2007ರಲ್ಲಿ ಪ್ರತ್ಯೇಕ ಸಂಗ್ರಹಾಲಯ ಆರಂಭವಾಯಿತು.