ಸ್ಪೈನಾ ಬೈಫಿಡಾ

ಐದನೇ ತಿಂಗಳ ಸ್ಕ್ಯಾನಿಂಗ್ ವರದಿಯಲ್ಲಿ ಕೆಲವೊಮ್ಮೆ ಕಾಣುವ ಈ ಹೆಸರು ಲ್ಯಾಟಿನ್ನಿನದು. 'ಸ್ಪೈನಾ' ಎಂದರೆ ಮುಳ್ಳು, ಬೆನ್ನೆಲುಬಿಗೂ ಅದೇ ಮಾತು. 'ಬೈಫಿಡಾ' ಎಂದರೆ ಇಬ್ಭಾಗವಾದದ್ದು. ಇದನ್ನು ಬಳಕೆಗೆ ತಂದವನು 17ನೇ ಶತಮಾನದ ಆಮ್‌ಸ್ಟರ್‌ಡ್ಯಾಮಿನ ವೈದ್ಯ ನಿಕೊಲಾಸ್ ಟುಲ್ಪ್. ರೆಂಬ್ರಾಂಟನ 1632ರ ಚಿತ್ರದಲ್ಲಿ ಶವದ ತೋಳಿನ ಸ್ನಾಯು ಎತ್ತಿ ತೋರಿಸುತ್ತಿರುವಾತ ಇವನೇ.

ಕನ್ನಡದಲ್ಲಿ 'ಸೀಳುತುಟಿ'ಯ ಜಾಡಿನಲ್ಲಿ 'ಸೀಳು ಬೆನ್ನುಮೂಳೆ' ಎನ್ನಬಹುದು. ಆದರೆ ಸೀಳು ಎಂದೊಡನೆ ತಾಯಿ ತಾನು ಜಾರಿ ಬಿದ್ದದ್ದು, ಕೊಡ ಎತ್ತಿದ್ದು ನೆನೆದು ಕೊರಗುತ್ತಾಳೆ. ಇಲ್ಲಿ ಯಾವುದೂ ಸೀಳಿಲ್ಲ. ಗರ್ಭ ಕಟ್ಟಿದ ನಾಲ್ಕನೇ ವಾರದಲ್ಲಿ ಮುಚ್ಚಿಕೊಳ್ಳಬೇಕಿದ್ದ ನರನಾಳ, ಎಂದರೆ ಮುಂದೆ ಮೆದುಳು, ಬೆನ್ನುಹುರಿಗಳಾಗುವ ಕೊಳವೆ, ಮುಚ್ಚದೆ ಉಳಿದಿರುತ್ತದೆ, ಎಷ್ಟೋ ಸಲ ಬಸಿರು ಗೊತ್ತಾಗುವ ಮೊದಲೇ. ಫೋಲಿಕ್ ಆಮ್ಲದ ಮಾತ್ರೆ ಬಸಿರಿಗೆ ಮುಂಚೆಯೇ ಶುರುವಾಗಬೇಕೆನ್ನುವುದು ಇದಕ್ಕೇ. ಇದು ಸೀಳಿದ್ದಲ್ಲ, ಮುಚ್ಚದೆ ಉಳಿದದ್ದು ಎಂಬುದನ್ನು ವೈದ್ಯರು ತಾಯಿಗೆ ಬಿಡಿಸಿ ಹೇಳಲೇಬೇಕು.

ಸ್ಕ್ಯಾನಿಂಗ್‌ನಲ್ಲಿ ಬೆನ್ನಿನ ಈ ದೋಷದ ದೊಡ್ಡ ಸುಳಿವು ಸಿಗುವುದು ಮಗುವಿನ ತಲೆಯಲ್ಲಿ. ಹಣೆಯ ಎರಡೂ ಬದಿ ಒಳಕ್ಕೆ ತಗ್ಗಿದ್ದರೆ 'ನಿಂಬೆ ಗುರುತು', ಕಿರುಮೆದುಳು ಬಾಗಿದ್ದರೆ 'ಬಾಳೆಹಣ್ಣಿನ ಗುರುತು'. 1986ರಲ್ಲಿ ಲಂಡನ್ನಿನ ಕಿಪ್ರೋಸ್ ನಿಕೊಲೈಡಿಸ್ ಮತ್ತು ಸಂಗಡಿಗರು ವಿವರಿಸಿದ ಗುರುತುಗಳಿವು. ನಿಂಬೆ ಎಂದರೆ ನಮ್ಮ ಸಂತೆಯ ದುಂಡು ನಿಂಬೆಯಲ್ಲ, ತುದಿ ಚೂಪಾದ ದೊಡ್ಡ ಜಾತಿಯದು.