ಮೈಟಾಸಿಸ್‌ನಲ್ಲಿ ಜೀನ್‌ಗಳ ಪ್ರತಿಲೇಖನ: ನಿಲುಗಡೆ ಮತ್ತು ಪುನರಾರಂಭ

ಸಸ್ತನಿಗಳ ಜೀವಕೋಶ ಮೈಟಾಸಿಸ್ ಹಂತಕ್ಕೆ ಬಂದಾಗ ಜೀನ್‌ಗಳಿಂದ ಆರ್‌ಎನ್‌ಎ ತಯಾರಿಸುವ ಕೆಲಸ, ಅಂದರೆ ಪ್ರತಿಲೇಖನ, ಬಹುಮಟ್ಟಿಗೆ ನಿಂತುಹೋಗುತ್ತದೆ. 1962ರಲ್ಲಿ ಪ್ರೆಸ್ಕಾಟ್ ಮತ್ತು ಬೆಂಡರ್ ಹೊಸ ಆರ್‌ಎನ್‌ಎಯಲ್ಲಿ ಸೇರಿಕೊಳ್ಳುವ ವಿಕಿರಣಶೀಲ ಯುರಿಡೀನ್ ಬಳಸಿ ಇದನ್ನು ತೋರಿಸಿದರು. ವಿಭಜನೆಗೊಳ್ಳದ ಕೋಶಗಳ ಕೇಂದ್ರದ ಮೇಲೆ ಛಾಯಾಲೇಪದ ಕಪ್ಪು ಕಣಗಳು ಒತ್ತಾಗಿ ಮೂಡಿದರೆ, ವರ್ಣತಂತುಗಳು ಗಟ್ಟಿಗೊಂಡಿದ್ದ ಕೋಶಗಳ ಮೇಲೆ ಅವು ತೀರಾ ವಿರಳವಾಗಿದ್ದವು.

ಡಿಎನ್‌ಎ ಬಿಗಿಯಾಗಿ ಸುತ್ತಿಕೊಳ್ಳುವುದೊಂದೇ ಇದಕ್ಕೆ ಕಾರಣವೆಂದರೆ ಸಾಲದು. ಝೆನೊಪಸ್ ಕಪ್ಪೆಯ ಮೊಟ್ಟೆಯ ಸಾರದಲ್ಲಿ ಪ್ರೋಟೀನುಗಳ ಸುತ್ತ ಸುತ್ತಿಕೊಂಡು ನ್ಯೂಕ್ಲಿಯೊಸೋಮ್ ಕಟ್ಟಿಕೊಳ್ಳದ ಡಿಎನ್‌ಎ ಮೇಲೂ ಮೈಟಾಸಿಸ್ ಸ್ಥಿತಿಯಲ್ಲಿ ಪ್ರತಿಲೇಖನ ಕುಗ್ಗುತ್ತದೆ. ವಿಭಜನೆಗೆ ಚಾಲನೆ ಕೊಡುವ ಸಿಡಿಕೆ1–ಸೈಕ್ಲಿನ್ ಬಿ ಕಿಣ್ವವೇ ಪ್ರತಿಲೇಖನ ಯಂತ್ರದ ಭಾಗಗಳಿಗೂ ಫಾಸ್ಫೇಟ್ ಅಂಟಿಸುತ್ತದೆ: ಆರ್‌ಎನ್‌ಎ ತಯಾರಿಸುವ ಕಿಣ್ವಗಳಲ್ಲಿ ಪಾಲಿಮರೇಸ್ 1ಕ್ಕೆ ಬೇಕಾದ ಎಸ್‌ಎಲ್1, ಪಾಲಿಮರೇಸ್ 2ಕ್ಕೆ ಬೇಕಾದ ಟಿಎಫ್‌ಐಐಎಚ್, ಪಾಲಿಮರೇಸ್ 3ಕ್ಕೆ ಬೇಕಾದ ಟಿಎಫ್‌ಐಐಐಬಿ ಈ ಹಂತದಲ್ಲಿ ಕೆಲಸಕ್ಕೆ ಬಾರದಂತಾಗುತ್ತವೆ. ಡಿಎನ್‌ಎಗೆ ಅಂಟಿ ಜೀನ್‌ಗಳನ್ನು ನಿಯಂತ್ರಿಸುವ ಹಲವು ಜಿಂಕ್ ಫಿಂಗರ್ ಪ್ರೋಟೀನುಗಳೂ ಫಾಸ್ಫೇಟ್ ಸೇರಿದೊಡನೆ ಡಿಎನ್‌ಎಯಿಂದ ಕಳಚಿಕೊಳ್ಳುತ್ತವೆ.

ನಿಲುಗಡೆಯ ವೇಳೆಗೆ ಅರ್ಧಕ್ಕೆ ಬಂದಿದ್ದ ಆರ್‌ಎನ್‌ಎ ಪ್ರತಿಗಳ ಗತಿಯನ್ನು ಹಣ್ಣಿನ ನೊಣದ ಅಲ್ಟ್ರಾಬೈಥೊರ್ಯಾಕ್ಸ್ ಜೀನ್ ಸ್ಪಷ್ಟವಾಗಿ ತೋರಿಸುತ್ತದೆ. ಸುಮಾರು 77,000 ಬೇಸ್‌ಜೋಡಿಗಳ ಈ ಜೀನ್‌ನ ಒಂದು ಪ್ರತಿ ಮುಗಿಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಅಷ್ಟರೊಳಗೆ ಮೈಟಾಸಿಸ್ ಬಂದರೆ ಅಪೂರ್ಣ ಆರ್‌ಎನ್‌ಎ ಅಲ್ಲಿಗೇ ಕೈಬಿಟ್ಟುಹೋಗುತ್ತದೆ. ವಿಭಜನೆಯ ಬಳಿಕ ಮತ್ತೆ ಮೊದಲಿನಿಂದಲೇ ಶುರು. 1991ರಲ್ಲಿ ಶೆರ್ಮೊಯೆನ್ ಮತ್ತು ಒ'ಫ್ಯಾರೆಲ್ ಇದನ್ನು ವರದಿ ಮಾಡಿದರು. ಭ್ರೂಣದ ಆರಂಭದ ಚಕ್ರಗಳು ಕೆಲವೇ ನಿಮಿಷಗಳವಾದ್ದರಿಂದ ಅಲ್ಲಿ ಉದ್ದದ ಜೀನ್‌ಗಳು ಫಲ ಕೊಡಲಾರವು. ಕೋಶಚಕ್ರದ ವೇಗವೇ ಜೀನ್ ನಿಯಂತ್ರಣದ ಸಾಧನವಾಗಬಲ್ಲದು ಎಂಬುದು ಈ ಕ್ಷೇತ್ರದ ಅತ್ಯಂತ ಸೊಗಸಾದ ಒಳನೋಟಗಳಲ್ಲೊಂದು.

ನಿಯಂತ್ರಕ ಪ್ರೋಟೀನುಗಳೆಲ್ಲ ವರ್ಣತಂತುಗಳನ್ನು ತೊರೆಯುತ್ತವೆ ಎಂಬ ಹಳೆಯ ತೀರ್ಮಾನ ಮಾತ್ರ ನಿಲ್ಲಲಿಲ್ಲ. 2016ರಲ್ಲಿ ರಾಬರ್ಟ್ ಟಿಜಿಯನ್ ಅವರ ತಂಡ ಇಲಿಯ ಕಾಂಡಕೋಶಗಳನ್ನು ಜೀವಂತವಾಗಿಯೇ ಚಿತ್ರಿಸಿದಾಗ ಸಾಕ್ಸ್2 ಎಂಬ ನಿಯಂತ್ರಕ ಪ್ರೋಟೀನು ಮೈಟಾಸಿಸ್‌ನಲ್ಲೂ ವರ್ಣತಂತುಗಳ ಮೇಲೆಯೇ ಕಂಡಿತು. ಅದೇ ಕೋಶಗಳನ್ನು ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರೀಕರಿಸಿದರೆ ಅದು ಅಲ್ಲಿಂದ ಹೊರಬಿದ್ದಂತೆ ತೋರುತ್ತಿತ್ತು. ದಶಕಗಳ ಕಾಲ ನಂಬಿದ ಚಿತ್ರದ ಒಂದು ಭಾಗ ರಾಸಾಯನಿಕವೇ ಸೃಷ್ಟಿಸಿದ್ದು. ಗಾಟಾ1, ಫಾಕ್ಸ್‌ಎ1 ಎಂಬ ನಿಯಂತ್ರಕ ಪ್ರೋಟೀನುಗಳು ಕೂಡ ತಮ್ಮ ಕೆಲವು ತಾಣಗಳನ್ನು ಬಿಡುವುದಿಲ್ಲ. ಮರಿಕೋಶಗಳು ತಾಯಿಕೋಶದ ಗುಣವನ್ನು ಉಳಿಸಿಕೊಳ್ಳಲು ಹೀಗೆ ಉಳಿದ ಪ್ರೋಟೀನುಗಳು ಗುರುತುಗಳಂತೆ ನೆರವಾಗುತ್ತವೆಂದು ಭಾವಿಸಲಾಗಿದೆ.

ನಿಲುಗಡೆಯೂ ಪೂರ್ಣವಲ್ಲ. ಮಾನವ ಯಕೃತ್ತಿನ ಕ್ಯಾನ್ಸರ್ ಕೋಶಗಳಲ್ಲಿ ಹೊಸ ಆರ್‌ಎನ್‌ಎಯನ್ನಷ್ಟೇ ಗುರುತು ಹಚ್ಚಿ ಹೆಕ್ಕಿದ ಕೆನೆತ್ ಝಾರೆಟ್ ಅವರ ತಂಡ, 2017ರಲ್ಲಿ, ಮೈಟಾಸಿಸ್ ನಡುವೆಯೂ ಸಾವಿರಾರು ಜೀನ್‌ಗಳು ತೀರಾ ಕಡಿಮೆ ಮಟ್ಟದಲ್ಲಿ ಪ್ರತಿಲೇಖನಗೊಳ್ಳುವುದನ್ನು ಕಂಡಿತು. ವಿಭಜನೆ ಮುಗಿಯುತ್ತ ಬಂದಂತೆ ಮೊದಲು ಚುರುಕಾದವು ಕೋಶದ ಬೆಳವಣಿಗೆ ಮತ್ತು ಮರುರಚನೆಗೆ ಬೇಕಾದ ಜೀನ್‌ಗಳು. ಯಕೃತ್ತಿಗೇ ವಿಶಿಷ್ಟವಾದವು ಆ ಬಳಿಕ ಎಚ್ಚೆತ್ತವು.